ಕೂಲಿ ಕೇಳೋಣ, ಲೆಕ್ಕ ಬರೆಯೋಣ

ಶನಿವಾರ ಸಂಜೆ. ಹೊಸ ಕಟ್ಟಡದ ಮುಂದೆ ಬಟವಾಡೆ ನಡೆಯುತ್ತಿದೆ. ಮೇಸ್ತ್ರಿ ಒಬ್ಬೊಬ್ಬರನ್ನೇ ಕರೆದು ದುಡ್ಡು ಕೊಡುತ್ತಿದ್ದಾನೆ. ಒಬ್ಬ ಅಕ್ಕನ ಸರದಿ ಬಂತು.

"ಆರು ದಿನ ಬಂದಿದ್ದೀನಿ. ಐದೇ ದಿನದ ಕೂಲಿ ಕೊಟ್ರಲ್ಲಾ ಮೇಸ್ತ್ರಿ?"

"ಐದೇ ದಿನ ಬಂದಿರೋದು ಕಣಮ್ಮ. ಪುಸ್ತಕದಲ್ಲಿ ಹಂಗೇ ಇದೆ. ಹಾಕು ಹೆಬ್ಬೆಟ್ಟು."

ಅಕ್ಕ ಪುಸ್ತಕ ನೋಡಿದಳು. ಅಕ್ಷರ ಕಂಡವು, ಅರ್ಥ ಕಾಣಲಿಲ್ಲ. ಹೆಬ್ಬೆಟ್ಟು ಒತ್ತಿ ಮನೆಗೆ ನಡೆದಳು.

ಅಕ್ಕತಂಗಿಯರೇ, ಇಂಥ ಸಂಜೆಗಳನ್ನು ನಾವೂ ಕಂಡಿದ್ದೇವೆ. ನಾವು ಜಲ್ಲಿ ಹೊರುತ್ತೇವೆ, ಮರಳು ಜರಡಿ ಹಿಡಿಯುತ್ತೇವೆ. ನಾವು ಹೊತ್ತ ಇಟ್ಟಿಗೆಯಿಂದ ನಾಲ್ಕು ಮಹಡಿ ಏಳುತ್ತದೆ. ಆದರೆ ನಮ್ಮ ಕೂಲಿಯ ಲೆಕ್ಕ ಮಾತ್ರ ಬೇರೆಯವರ ಕೈಯಲ್ಲಿ ಇರುತ್ತದೆ. ಈ ಪಾಠದಲ್ಲಿ ಆ ಲೆಕ್ಕದ ಬಗ್ಗೆ ತಿಳಿಯೋಣ.

ಒಂದು ಪತ್ರದ ಕಥೆ

ಇದು ನಿಜವಾಗಿ ನಡೆದದ್ದು. 1982ರಲ್ಲಿ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟ ಇತ್ತು. ಅದಕ್ಕಾಗಿ ದೊಡ್ಡ ದೊಡ್ಡ ಕ್ರೀಡಾಂಗಣ, ಮೇಲುಸೇತುವೆಗಳನ್ನು ಕಟ್ಟುತ್ತಿದ್ದರು. ಬೇರೆ ಬೇರೆ ರಾಜ್ಯಗಳಿಂದ ಕೂಲಿಕಾರರು ಬಂದಿದ್ದರು. ಅವರನ್ನು ಕರೆತಂದವರು ಜಮಾದಾರರು. ನಮ್ಮ ಕಡೆ ಮೇಸ್ತ್ರಿ ಇದ್ದ ಹಾಗೆ.

ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಆ ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು 1 ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಹೆಂಗಸರಿಗೆ ಸಿಗುತ್ತಿದ್ದದ್ದು 7 ರೂಪಾಯಿ ಮಾತ್ರ ಎಂದೂ ದೂರು ಇತ್ತು.

ಒಂದು ಸಂಘಟನೆಯವರು ಇದನ್ನೆಲ್ಲ ವಿಚಾರಿಸಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ಅರ್ಜಿ ಎಂದು ತೆಗೆದುಕೊಂಡಿತು. 1982ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆ, ಸಂವಿಧಾನ ಅದನ್ನು ಒಪ್ಪುವುದಿಲ್ಲ ಎಂದು ಕೋರ್ಟು ಹೇಳಿತು. ಕೂಲಿಯನ್ನು ನೇರವಾಗಿ ದುಡಿದವರ ಕೈಗೇ ಕೊಡಬೇಕು ಎಂದಿತು.

ನೋಡಿದಿರಾ, ಒಂದು ಪತ್ರಕ್ಕೆ ಎಷ್ಟು ಬಲ ಇದೆ!

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಒಂದು ಕಾನೂನು ಬಂದಿತ್ತು. ಕೂಲಿಗೆ, ಅಪಘಾತಕ್ಕೆ ಬೇರೆ ಬೇರೆ ಕಾನೂನು ಇದ್ದವು. ಈಗ ಅವನ್ನೆಲ್ಲ ಸೇರಿಸಿ ನಾಲ್ಕು ಹೊಸ ಸಂಹಿತೆ ಮಾಡಿದ್ದಾರೆ. 2025ರ ನವೆಂಬರ್ 21ರಿಂದ ಅವು ಜಾರಿಗೆ ಬಂದಿವೆ. ನಾವು ಮರೆಯಬಾರದ ಮಾತುಗಳು ಇವು:

ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಾರದು.

ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೆ ಒಂದು ಕೂಲಿ, ಹೆಂಗಸಿಗೆ ಒಂದು ಕೂಲಿ ಎಂದು ಮಾಡಬಾರದು.

ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗಲೇ ಕೊಡಬೇಕು. ವಾರದ ಕೂಲಿಯನ್ನು ವಾರದ ರಜೆಗೆ ಮುಂಚಿನ ಕೆಲಸದ ದಿನ ಕೊಡಬೇಕು.

ಕೂಲಿ ಬಂದಿಲ್ಲ ಎಂದು ನಾವು ದೂರು ಕೊಟ್ಟರೆ, "ಕೊಟ್ಟಿದ್ದೇನೆ" ಎಂದು ರುಜುವಾತು ಮಾಡಬೇಕಾದವರು ಕೆಲಸ ಕೊಟ್ಟವರು. ಅದಕ್ಕೇ ಅವರಿಗೆ ನಮ್ಮ ಹೆಬ್ಬೆಟ್ಟು ಅಷ್ಟು ಮುಖ್ಯ! ಓದದೆ ಒತ್ತಿದ ಹೆಬ್ಬೆಟ್ಟು ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಬರಿ ಹಾಳೆಗಂತೂ ಸಹಿ ಹಾಕಲೇಬಾರದು.

ಪೆಟ್ಟು ಬಿದ್ದರೆ

ಸಾರುವೆಯಿಂದ ಬಿದ್ದು ಕೈಕಾಲು ಊನವಾದರೆ, ಜೀವ ಹೋದರೆ ಪರಿಹಾರ ಕೇಳುವ ಹಕ್ಕು ಇದೆ. ಇದು ಯಾರೂ ಕೊಡುವ ದಾನ ಅಲ್ಲ. ಗುತ್ತಿಗೆದಾರ ಓಡಿಹೋದರೆ, ಅವನಿಗೆ ಆ ಕೆಲಸ ವಹಿಸಿದ ಕಟ್ಟಡ ಕಂಪನಿಯೂ ಹೊಣೆ.

ಸಾವಾದ ಮನೆಗೆ ಬಂದು, "ಇಷ್ಟು ತೊಗೊಳ್ಳಿ, ಇಲ್ಲಿಗೆ ಮುಗಿಸಿಬಿಡೋಣ" ಎನ್ನುವವರು ಇದ್ದಾರೆ. ಒಪ್ಪಬೇಡಿ. ಸಾವಿನ ಪರಿಹಾರವನ್ನು ಕಾನೂನು ನೇಮಿಸಿದ ಅಧಿಕಾರಿಯ ಬಳಿ ಕಟ್ಟಬೇಕು. ಅಧಿಕಾರಿ ಅದನ್ನು ಮನೆಯವರಿಗೆ ಹಂಚುತ್ತಾರೆ. ಆಸ್ಪತ್ರೆ ಚೀಟಿ, ಪೊಲೀಸ್ ದೂರಿನ ಪ್ರತಿ ಜೋಪಾನವಾಗಿ ಇಡಿ. ದೂರು ಕೊಡಲು ಗಡುವು ಇರುತ್ತದೆ, ತಡ ಮಾಡಬೇಡಿ.

ನಾವು ಏನು ಮಾಡಬೇಕು?

ಮೊದಲನೆಯದು, ಕಾರ್ಡು ಮಾಡಿಸುವುದು. ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ದೊಡ್ಡ ಕಟ್ಟಡ ಕಟ್ಟಿಸುವವರು ಖರ್ಚಿನ ನೂರು ರೂಪಾಯಿಗೆ ಕನಿಷ್ಠ ಒಂದು ರೂಪಾಯಿಯನ್ನು ಕಾರ್ಮಿಕರಿಗಾಗಿ ಕಟ್ಟಬೇಕು. ಹೆರಿಗೆ, ಮಕ್ಕಳ ಓದು, ಅಪಘಾತ, ಪಿಂಚಣಿಗೆ ನೆರವು ಬರುವುದು ಆ ಹಣದಿಂದ. ವಯಸ್ಸು 18 ದಾಟಿ 60ರ ಒಳಗೆ ಇರಬೇಕು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಎರಡನೆಯದು, ದೂರು. ಕೂಲಿ ಬಾಕಿ ಇದ್ದರೆ ಕಾರ್ಮಿಕ ಇಲಾಖೆಗೆ ಬರೆದು ಕೊಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ವಕೀಲರಿಗೆ ದುಡ್ಡಿಲ್ಲ ಎಂದು ಹೆದರಬೇಡಿ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ವರಮಾನ ಎಷ್ಟು ಎಂದು ಕೇಳುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು.

ಮೂರನೆಯದು, ನಮ್ಮದೇ ಲೆಕ್ಕ. ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳೋಣ. ದಿನಾ ಹೀಗೆ ಬರೆಯೋಣ: ತಾರೀಖು. ಎಲ್ಲಿ ಕೆಲಸ. ಮೇಸ್ತ್ರಿ ಯಾರು. ಬಂದ ಕೂಲಿ. ಬಾಕಿ.

ಇನ್ನೊಂದು ಶನಿವಾರ

ಆ ಅಕ್ಕ ರಾತ್ರಿ ಕಲಿಕಾ ಕೇಂದ್ರಕ್ಕೆ ಬರತೊಡಗಿದಳು. ಮತ್ತೆ ಬಟವಾಡೆ ಬಂತು. ಮೇಸ್ತ್ರಿ "ಐದು ದಿನ" ಎಂದ. ಅಕ್ಕ ಸೆರಗಿನ ಗಂಟಿನಿಂದ ಪುಸ್ತಕ ತೆಗೆದಳು. ಸೋಮವಾರದಿಂದ ಶನಿವಾರದವರೆಗೆ ಒಂದೊಂದೇ ಸಾಲು ಓದಿದಳು. ಪಕ್ಕದಲ್ಲಿದ್ದವರೂ "ಹೌದು, ಆರು ದಿನ" ಎಂದರು. ಮೇಸ್ತ್ರಿ ಮಾತಾಡದೆ ಇನ್ನೊಂದು ದಿನದ ಕೂಲಿ ಎಣಿಸಿದ. ಅಕ್ಕ ಮೊದಲು ಅವನ ಪುಸ್ತಕ ಓದಿದಳು. ಆಮೇಲೆ ತನ್ನ ಹೆಸರು ಬರೆದಳು.

ಓದಿ, ಮಾತಾಡಿ

1. ನಿಮ್ಮ ಊರಿನಲ್ಲಿ ಗಂಡಸಿಗೆ, ಹೆಂಗಸಿಗೆ ಕೂಲಿ ಎಷ್ಟೆಷ್ಟು? ಯಾಕೆ?
2. ನಿಮ್ಮಲ್ಲಿ ಯಾರ ಹತ್ತಿರ ಕಾರ್ಡು ಇದೆ? ಇಲ್ಲದವರು ಎಂದು ಹೋಗುತ್ತೀರಿ?
3. ಈ ವಾರದ ನಿಮ್ಮ ಕೂಲಿಯ ಲೆಕ್ಕವನ್ನು ಬರೆಯಿರಿ.