ಮೀಟರಿನ ದೀಪ ಮಂಕಾದರೆ

ನಮ್ಮ ಮಾವ ನಂಜನಗೂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಅವರದು ಹಳೇ ಅಂಬಾಸಿಡರ್. ಡೀಸೆಲ್ ಗಾಡಿ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಮಾವ ಮಾತ್ರ ಗಾಡಿ ಮಾರಿಲ್ಲ. "ದೇವಸ್ಥಾನಕ್ಕೆ ಬರೋ ವಯಸ್ಸಾದೋರು ಇದನ್ನೇ ಕೇಳ್ತಾರೆ ಕಣಪ್ಪ" ಅನ್ನುತ್ತಾರೆ.

ಒಂದು ರಾತ್ರಿ ಸುತ್ತೂರಿನ ಹತ್ತಿರದ ಹಳ್ಳಿಯಿಂದ ಫೋನ್ ಬಂತು. ಹೆಣ್ಣುಮಗಳಿಗೆ ಹೆರಿಗೆ ನೋವು. ಟಿ. ನರಸೀಪುರದ ಆಸ್ಪತ್ರೆಗೆ ಹೋಗಬೇಕು. ನಾನೂ ಮಾವನ ಜೊತೆ ಹೊರಟೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿತ್ತು. ಆದರೆ ಮೀಟರಿನ ದೀಪ ತೀರಾ ಮಂಕು. ಮುಳ್ಳು ಎಲ್ಲಿದೆ, ತಿಳಿಯದು.

"ಮಾವ, ಡೀಸೆಲ್ ಎಷ್ಟಿದೆ?"

"ಕಾಣ್ತಾ ಇಲ್ಲ ಕಣಪ್ಪ. ಇರಬೇಕು."

ಇರಲಿಲ್ಲ. ಆ ತಾಯಿಯನ್ನು ಹತ್ತಿಸಿಕೊಂಡು ಸ್ವಲ್ಪ ದೂರ ಹೋಗಿದ್ದೆವು. ಕಾರು ನಿಂತೇಹೋಯಿತು. ಟಾರ್ಚ್ ಬಿಟ್ಟು ಮೀಟರು ನೋಡಬಹುದಿತ್ತು. ಅವಸರದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಪುಣ್ಯಕ್ಕೆ ಹಾಲಿನ ವ್ಯಾನು ಬಂತು. ತಾಯಿ ಮಗು ಈಗ ಚೆನ್ನಾಗಿದ್ದಾರೆ. ಮಾವನಿಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಮಾವ ಹೊಸ ಬಲ್ಬು ತಂದು ಹಾಕಿದರು. ದೀಪ ಹಾಗೇ ಮಂಕು! ಆಮೇಲೆ ವೈರಿಂಗ್ ಕೆಲಸದ ಅಣ್ಣನ ಹತ್ತಿರ ಹೋದೆವು. ಅವರು ಹೇಳಿದ್ದು ಕೇಳಿ.

ಕಾರಿನ ಬ್ಯಾಟರಿ 12 ವೋಲ್ಟ್. ಕರೆಂಟು ಒಂದು ತಂತಿಯಲ್ಲಿ ಬಲ್ಬಿಗೆ ಬರುತ್ತದೆ. ಕಾರಿನ ಕಬ್ಬಿಣದ ಮೈಯಿಂದಲೇ ಬ್ಯಾಟರಿಗೆ ವಾಪಸು ಹೋಗುತ್ತದೆ. ಈ ವಾಪಸು ದಾರಿಗೆ ಅರ್ತ್ ಅನ್ನುತ್ತಾರೆ. ನಾಲೆಯಲ್ಲಿ ಹೂಳು ತುಂಬಿದರೆ ಗದ್ದೆಗೆ ನೀರು ಸರಿಯಾಗಿ ಬರುತ್ತದೆಯೇ? ಇಲ್ಲೂ ಹಾಗೆಯೇ. ಹೋಲ್ಡರಿನಲ್ಲಿ, ಅರ್ತ್ ಸ್ಕ್ರೂವಿನಲ್ಲಿ ತುಕ್ಕು ಹಿಡಿದರೆ ಕರೆಂಟು ತಡೆಯುತ್ತದೆ. ಬಲ್ಬಿಗೆ 12ರ ಬದಲು 10 ವೋಲ್ಟ್ ಸಿಕ್ಕಿದರೆ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮಾವನ ಕಾರಿನಲ್ಲಿ ಆಗಿದ್ದು ಇದೇ. ಬಲ್ಬಿನ ತಪ್ಪೇನೂ ಇರಲಿಲ್ಲ.

ಕೆಲವು ಕಾರುಗಳಲ್ಲಿ ಮೀಟರಿನ ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುತ್ತದೆ. ಮೊದಲು ಅದನ್ನು ತಿರುಗಿಸಿ ನೋಡಿ. ಅಷ್ಟಕ್ಕೇ ಸರಿಹೋದರೆ ದುಡ್ಡು ಉಳಿಯಿತು.

ಸರಿಹೋಗದಿದ್ದರೆ ಬಿಚ್ಚಬೇಕು. ಕೀಲಿ ತೆಗೆಯಿರಿ. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ತ್ ತಂತಿಯನ್ನು ಮೊದಲು ಕಳಚಿ. ಇನ್ನೊಂದನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಮೈಗೆ ತಾಗಿ ಕಿಡಿ ಹಾರೀತು. ಮೀಟರನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಹಿಂದೆ ಸ್ಪೀಡಿನ ಕೇಬಲ್ ಇರುತ್ತದೆ. ಅದನ್ನು ಜಗ್ಗಬೇಡಿ, ಬಿಚ್ಚಿ. ಯಾವ ತಂತಿ ಎಲ್ಲಿತ್ತು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾವ ಹೋದ ವರ್ಷ ಅಕ್ಷರ ಕಲಿತವರು. ಚೀಟಿ ಅವರೇ ಬರೆದರು.

ಹೋಲ್ಡರನ್ನು ಹೊರಗೆ ಎಳೆದು ನೋಡಿ. ಬಲ್ಬಿನ ಗಾಜು ಒಳಗಡೆ ಕಪ್ಪಾಗಿದೆಯೇ? ಹಾಗಾದರೆ ಬದಲಾಯಿಸಿ. ಆ ಕಪ್ಪು ಒರೆಸಿದರೆ ಹೋಗದು. ಹಿತ್ತಾಳೆ, ತಗಡಿನ ಭಾಗಗಳನ್ನು ನಯವಾದ ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ. ಅರ್ತ್ ಸ್ಕ್ರೂ ಕೂರುವ ಜಾಗವನ್ನೂ ಉಜ್ಜಿ ಬಿಗಿ ಮಾಡಿ. ಮೀಟರಿನ ಗಾಜಿನ ಧೂಳು ಒರೆಸಿ.

ಹೆಚ್ಚು ಬೆಳಕಿನ ಆಸೆಗೆ ದೊಡ್ಡ ವಾಟಿನ ಬಲ್ಬು ಹಾಕಬೇಡಿ. ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಎಲ್‌ಇಡಿ ಬಲ್ಬು ಹಾಕಬಹುದು. ಹಚ್ಚಿದಾಗ ಉರಿಯದಿದ್ದರೆ ತಿರುಗಿಸಿ ಹಾಕಿ. ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವವರು ಇದ್ದಾರೆ. ಅದು ಕಾರಿಗೆ ಬೆಂಕಿ ಇಡುವ ಕೆಲಸ.

ಈಗ ಮಾವನ ಮೀಟರು ಬೆಳಗುತ್ತದೆ. 20, 40, 60 ಎಂದು ಅಂಕಿಗಳನ್ನು ಓದುತ್ತಾರೆ. 'ಇ' ಅಂದರೆ ಟ್ಯಾಂಕು ಖಾಲಿ, 'ಎಫ್' ಅಂದರೆ ಭರ್ತಿ. ಇವು ಇಂಗ್ಲಿಷ್ ಅಕ್ಷರಗಳು. ಮಾವ ಅವನ್ನೂ ಕಲಿತಿದ್ದಾರೆ. ರಾತ್ರಿ ಬಾಡಿಗೆ ಬಂದರೆ ಮೊದಲು ಆ ಮುಳ್ಳಿನ ಕಡೆ ನೋಡುತ್ತಾರೆ.

ಬರೆಯಿರಿ:
ಹೊಸ ಬಲ್ಬು ಹಾಕಿದರೂ ದೀಪ ಏಕೆ ಮಂಕಾಗಿತ್ತು?
ಬ್ಯಾಟರಿಯ ಯಾವ ತಂತಿಯನ್ನು ಮೊದಲು ಕಳಚಬೇಕು? ಏಕೆ?
ನಿಮ್ಮ ಊರಿನ ಗಾಡಿಯ ಮೀಟರಿನಲ್ಲಿರುವ ಅಂಕಿಗಳನ್ನು ನೋಡಿ ಬರೆಯಿರಿ.