ತೋರಿಸುವ ಮೊದಲು ನೋಡಿ

ಯೋಗ ಕಲಿಸತೊಡಗಿದ ಮೇಲೆ ನನಗೆ ಮನದಟ್ಟಾದ ಸಂಗತಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಶಿಕ್ಷಕರು ತರಗತಿಯುದ್ದಕ್ಕೂ ತಾವೇ ಆಸನ ಹಾಕುತ್ತಾ ಕೂರಬಾರದು. 200 ಗಂಟೆಗಳ ತರಬೇತಿ ಮುಗಿಸಿ ಬರುವವರಿಗೆ ತಮ್ಮ ದೇಹವೇ ಬಂಡವಾಳ. ಅದು ಎಷ್ಟು ಚೆನ್ನಾಗಿ ಬಾಗುತ್ತದೆಂದು ತೋರಿಸುವುದೇ ಪಾಠವೆಂದು ಅನ್ನಿಸುವುದು ಸಹಜ. ಆದರೆ ಪಶ್ಚಿಮೋತ್ತಾನಾಸನದಲ್ಲಿ ಹಣೆಯನ್ನು ಮೊಣಕಾಲಿಗೆ ತಾಗಿಸಿ ಕೂತ ಶಿಕ್ಷಕರಿಗೆ ಎದುರಿನವರಲ್ಲಿ ಯಾರು ಉಸಿರು ಬಿಗಿಹಿಡಿದಿದ್ದಾರೆ, ಯಾರು ಬೆನ್ನನ್ನು ಗೂನು ಮಾಡಿಕೊಂಡು ಕಾಲ್ಬೆರಳಿಗಾಗಿ ಎಳೆದಾಡುತ್ತಿದ್ದಾರೆ ಎಂಬುದು ಕಾಣುವುದೇ ಇಲ್ಲ. ಸ್ಲಿಪ್ ಡಿಸ್ಕ್ ಇರುವವರಿಗೆ ಆ ಎಳೆದಾಟವೇ ಅಪಾಯ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ಗ್ಲುಕೋಮಾ ಇರುವವರಿಗೆ ಶೀರ್ಷಾಸನ ಸಲ್ಲದೆಂದು ಎಲ್ಲರೂ ಓದಿರುತ್ತೇವೆ. ಮುಂದೆ ಕೂತವರಲ್ಲಿ ಅಂಥವರು ಯಾರೆಂದು ತಿಳಿಯಬೇಕಾದರೆ ಕೇಳಲೇಬೇಕು.

ಹೀಗೆ ನೋಡಿ ಕಲಿಸುವ ಪದ್ಧತಿ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರನ್ನು ಗಮನಿಸಿ. ಪಟ್ಟಾಭಿ ಜೋಯಿಸರದು ಉಸಿರಿನ ಲಯಕ್ಕೆ ಹರಿಯುವ ಅಷ್ಟಾಂಗ ವಿನ್ಯಾಸ. ಬಾಲ್ಯವಿಡೀ ಕಾಯಿಲೆಗಳಿಂದ ನರಳಿದ ಬೆಳ್ಳೂರಿನ ಅಯ್ಯಂಗಾರ್ಯರದು ಆಸನದಲ್ಲಿ ನಿಂತು ತಿದ್ದಿಕೊಳ್ಳುವ ದಾರಿ. ಬಾಗದ ಮೈಗೆ ಬೆಲ್ಟು, ಮರದ ಇಟ್ಟಿಗೆ, ಕುರ್ಚಿಗಳನ್ನು ಒದಗಿಸಿಕೊಟ್ಟವರು ಅವರು. ಇಂದು ಜಗತ್ತೆಲ್ಲ ಮೈಸೂರು ಶೈಲಿ ಎಂದು ಕರೆಯುವ ಅಭ್ಯಾಸದಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ ಸಾಗುತ್ತಾರೆ. ಶಿಕ್ಷಕರು ನಡುವೆ ಓಡಾಡುತ್ತಾ, ಒಂದು ಆಸನ ಕೈವಶವಾಯಿತೆಂದು ಕಂಡ ಮೇಲಷ್ಟೇ ಮುಂದಿನದನ್ನು ಹೇಳಿಕೊಡುತ್ತಾರೆ. ಇದೇ ಪರಂಪರೆ ಪ್ರದರ್ಶನಗಳಿಂದಲೂ ಬೆಳೆಯಿತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, 1938ರಲ್ಲಿ ತೆಗೆದ ಮೂಕ ಚಿತ್ರದಲ್ಲಿ ಕೃಷ್ಣಮಾಚಾರ್ಯರೂ ಯುವಕ ಅಯ್ಯಂಗಾರ್ಯರೂ ಆಸನ ಹಾಕುವುದನ್ನು ಈಗಲೂ ನೋಡಬಹುದು. ಪ್ರದರ್ಶನ ಜನರನ್ನು ಯೋಗಶಾಲೆಯ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಬಂದವರ ಮೊಣಕಾಲು ನೋವಿಗೆ ಅದರಲ್ಲಿ ಉತ್ತರವಿಲ್ಲ.

ಹೊಸಬರು ಕಣ್ಣಿಂದ ನೋಡದೆ ಕಲಿಯುವುದು ಹೇಗೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದು ಸಲ ನಿಧಾನವಾಗಿ ಮಾಡಿ ತೋರಿಸಿ, ಆಮೇಲೆ ಎದ್ದು ಅವರ ಬಳಿ ಹೋಗಿ. ಪಾರ್ಕಿನಲ್ಲಿ ಐವತ್ತು ಮಂದಿ ಸೇರಿದಾಗ ಪ್ರತಿಯೊಬ್ಬರನ್ನೂ ನೋಡಲು ಸಾಧ್ಯವೇ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಸಾಧ್ಯವಿಲ್ಲ, ಆದ್ದರಿಂದಲೇ ಅಲ್ಲಿ ಆಸನಗಳನ್ನು ಕಡಿಮೆ ಮಾಡಬೇಕು: ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಭುಜಂಗಾಸನ, ಸರಳ ಉಸಿರಾಟ, ಕೊನೆಗೆ ಅವಸರವಿಲ್ಲದ ಶವಾಸನ. ಇಷ್ಟಕ್ಕೇ ಜನ ತೃಪ್ತರಾಗುವುದಿಲ್ಲ, ಕೊಟ್ಟ ಹಣಕ್ಕೆ ಇನ್ನಷ್ಟು ಬೇಕೆನ್ನುತ್ತಾರೆ ಎಂದು ಹೊಸ ಶಿಕ್ಷಕರು ಅಂಜುತ್ತಾರೆ. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಪತಂಜಲಿಯ 196 ಸೂತ್ರಗಳಲ್ಲಿ ನೇರವಾಗಿ ಆಸನವನ್ನು ಕುರಿತವು ಮೂರೇ, ಅವುಗಳಲ್ಲಿ ಎಲ್ಲೂ ಆಸನಗಳ ಪಟ್ಟಿಯಿಲ್ಲ. ಎಷ್ಟು ಆಸನ ಮಾಡಿಸಿದೆವು ಎಂಬ ಲೆಕ್ಕಕ್ಕೆ ಯೋಗದಲ್ಲಿ ಅಂಥ ದೊಡ್ಡ ಸ್ಥಾನವೇನೂ ಇಲ್ಲ.

ಪ್ರಮಾಣಪತ್ರ ಕೈಗೆ ಬಂತೆಂದು ದೊಡ್ಡ ತರಗತಿ ಒಪ್ಪಿಕೊಳ್ಳಬೇಡಿ. ಆರೆಂಟು ಜನರಿಂದ ಆರಂಭಿಸಿ. ಮೊದಲ ದಿನವೇ ಪ್ರತಿಯೊಬ್ಬರ ಬೆನ್ನು, ಮೊಣಕಾಲು, ರಕ್ತದೊತ್ತಡ, ಗರ್ಭಧಾರಣೆ, ಆಗಿರುವ ಶಸ್ತ್ರಚಿಕಿತ್ಸೆ ಇವುಗಳ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳಿ.