ಉಗ್ರಾಣವಿಲ್ಲದ ಆಹಾರ: ತರಕಾರಿಯ ಅಭಾವದ ಕುರಿತು ಒಂದು ಪಾಠ

ಅಭಾವವೆಂದರೆ ನಮ್ಮ ಹಿರಿಯರ ಪಾಲಿಗೆ ಅಕ್ಕಿಯ ಅಭಾವ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಪಾನೀ ಸೇನೆಯು ಬರ್ಮಾವನ್ನು ಆಕ್ರಮಿಸಿಕೊಂಡಾಗ ರಂಗೂನಿನಿಂದ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡಿನ ಮನೆಗಳಲ್ಲಿ ಗಂಜಿ ತೆಳ್ಳಗಾದ ಕಥೆಯನ್ನು ನನ್ನ ತಲೆಮಾರಿನವರು ಅಜ್ಜಿಯಂದಿರ ಬಾಯಿಂದ ಕೇಳಿಯೇ ಬೆಳೆದವರು. ಆ ಸಂಕಟದಿಂದ ದೇಶ ಪಾಠ ಕಲಿಯಿತು. ಪಡಿತರ ವ್ಯವಸ್ಥೆ ಬೇರೂರಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಒಂದು ವರ್ಷ ಮಳೆ ಕೈಕೊಟ್ಟರೂ ಗೋದಾಮಿನ ಧಾನ್ಯ ಕೈಹಿಡಿಯುವಂತಾಯಿತು.

ಆದರೆ ಅನ್ನದ ಬದಿಗೆ ಬಡಿಸುವ ಪಲ್ಯಕ್ಕೆ, ಸಾಂಬಾರಿಗೆ, ಹುಳಿಗೆ ಅಂತಹ ಯಾವ ಉಗ್ರಾಣವೂ ಇಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸ್ಮರಣ ಸಂಚಿಕೆಯ ಸಮಿತಿಯವರು ಅಪೇಕ್ಷಿಸಿದಾಗ, ಈ ಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸಿದವನಾದ ನಾನು ಇದೇ ವಿಷಯವನ್ನು ಆಯ್ದುಕೊಂಡೆ. ತಾಜಾ ಆಹಾರವು ಅಂಗಡಿಯ ಕಪಾಟಿನಿಂದ ಏಕೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಗಡಿನಾಡಿನವರಾದ ನಮಗೆ ಅದರಿಂದ ಏನು ಪಾಠ ಎಂಬುದೇ ಇಲ್ಲಿಯ ವಿಚಾರ.

ಕೊಯ್ದ ಮೇಲೂ ಉಸಿರಾಡುವ ಸರಕು

ತರಕಾರಿಯು ಕೊಯ್ದ ಮೇಲೂ ಜೀವಂತವಾಗಿಯೇ ಇರುತ್ತದೆ. ಅದು ಉಸಿರಾಡುತ್ತದೆ, ತನ್ನೊಳಗಿನ ಸಕ್ಕರೆಯನ್ನು ವ್ಯಯಿಸುತ್ತದೆ, ಶಾಖವನ್ನೂ ನೀರನ್ನೂ ಹೊರಗೆಡಹುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಆದ್ದರಿಂದಲೇ ಬೇಸಿಗೆಯ ಹರಿವೆ ಸೊಪ್ಪು ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ಬಾಡುತ್ತದೆ. ಟೊಮೇಟೊ ಒಂದೆರಡು ವಾರ ತಾಳಬಹುದು. ನೀರುಳ್ಳಿ, ಬಟಾಟೆಗಳು ಮಾತ್ರ ತಿಂಗಳುಗಟ್ಟಲೆ ಉಳಿಯಬಲ್ಲವು. ಲೂಧಿಯಾನದ ಕೇಂದ್ರ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಕೊಯ್ಲಿನ ಅನಂತರ ಹಾಳಾಗುವ ತರಕಾರಿಯ ಪ್ರಮಾಣ, ಬೆಳೆಯನ್ನವಲಂಬಿಸಿ, ಶೇಕಡಾ 4.58ರಿಂದ 12.44ರಷ್ಟು, ಹಣ್ಣುಗಳಲ್ಲಿ ಇದು ಶೇಕಡಾ 6.70ರಿಂದ 15.88ರಷ್ಟು. ಶೀತಲಗೃಹಗಳು ಇವೆಯಾದರೂ ಅವುಗಳ ಬಹುಭಾಗವನ್ನು ಬಟಾಟೆಯೇ ಆಕ್ರಮಿಸಿದೆ.

ಇದರ ಅರ್ಥವಿಷ್ಟು: ತರಕಾರಿಯ ವ್ಯಾಪಾರದಲ್ಲಿ ದಾಸ್ತಾನು ಎಂಬುದು ಹೆಸರಿಗೆ ಮಾತ್ರ. ಇಂದು ಅಂಗಡಿಯಲ್ಲಿರುವುದು ನಿನ್ನೆ ಲಾರಿಯಲ್ಲಿದ್ದದ್ದು, ಮೊನ್ನೆ ಹೊಲದಲ್ಲಿದ್ದದ್ದು. ಧಾನ್ಯಕ್ಕೆ ಗೋದಾಮು ಹೇಗೋ ತರಕಾರಿಗೆ ರಸ್ತೆ ಹಾಗೆ. ರಸ್ತೆ ನಿಂತರೆ ಎರಡು ಮೂರು ದಿನಗಳಲ್ಲಿ ಕಪಾಟು ಬರಿದಾಗುತ್ತದೆ.

2020ರಲ್ಲಿ ಕಂಡದ್ದು

ನಮ್ಮೂರಿನ ಅಂಗಡಿಗಳ ತರಕಾರಿ ಬರುವ ದಾರಿಯನ್ನು ವಿದ್ಯಾರ್ಥಿಗಳಿಂದ ನಕ್ಷೆಯಲ್ಲಿ ಗುರುತಿಸಿಸುವುದು ನನ್ನ ತರಗತಿಯ ಒಂದು ಅಭ್ಯಾಸವಾಗಿತ್ತು. ಹಾಸನದ ಬಟಾಟೆ, ಕೋಲಾರದ ಟೊಮೇಟೊ, ಮಹಾರಾಷ್ಟ್ರದ ನೀರುಳ್ಳಿ ಇವೆಲ್ಲ ಘಟ್ಟವನ್ನಿಳಿದು ಮಂಗಳೂರಿಗೆ ಬಂದು, ಅಲ್ಲಿಂದ ತಲಪಾಡಿಯ ಮೂಲಕ ತೆಂಕಣಕ್ಕೆ ಸಾಗುತ್ತವೆ. ಮಕ್ಕಳು ಬೇರೆ ಬೇರೆ ಊರುಗಳಿಂದ ಎಳೆದ ಗೆರೆಗಳೆಲ್ಲ ಕೊನೆಗೆ ಒಂದೇ ಗೆರೆಯಾಗಿ ನಮ್ಮ ಜಿಲ್ಲೆಯನ್ನು ಪ್ರವೇಶಿಸುತ್ತಿದ್ದವು.

ಆ ಒಂದು ಗೆರೆ ಎಷ್ಟು ಸಪುರವೆಂಬುದು 2020ರ ಮಾರ್ಚಿನಲ್ಲಿ ಮನವರಿಕೆಯಾಯಿತು. ಕೊರೊನಾ ರೋಗದ ನಿಮಿತ್ತ ಮಾರ್ಚ್ 24ರಂದು ಕೇರಳದಲ್ಲಿಯೂ 25ರಂದು ಇಡೀ ದೇಶದಲ್ಲಿಯೂ ಸಂಚಾರ ನಿಂತಿತು. ಗಡಿಯ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಸಂಕಷ್ಟವು ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯದ ಆದೇಶಕ್ಕೆ ಕಾರಣವಾಗಿ, ಬಳಿಕ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುದನ್ನು ಓದುಗರು ಬಲ್ಲರು. ಅದರ ಮುಂದೆ ತರಕಾರಿಯ ಮಾತು ಚಿಕ್ಕದು. ಆದರೂ ಪೇಟೆಯ ಸೂಪರ್ ಮಾರ್ಕೆಟುಗಳಲ್ಲಿ ಅಕ್ಕಿ, ಬೇಳೆ, ಸಾಬೂನುಗಳ ಸಾಲು ತುಂಬಿರುವಾಗಲೇ ತರಕಾರಿಯ ಬುಟ್ಟಿಗಳು ಮಾತ್ರ ಬರಿದಾಗಿ, ತಳದಲ್ಲಿ ನಾಲ್ಕು ಬಾಡಿದ ಮೆಣಸಿನಕಾಯಿಗಳು ಉಳಿದಿದ್ದುದನ್ನು ನಾನು ಕಂಡಿದ್ದೇನೆ.

ಆ ಏಪ್ರಿಲಿನಲ್ಲಿ ಕೇರಳ ಸರಕಾರವು ಪಡಿತರ ಚೀಟಿದಾರರಿಗೆಲ್ಲ ಉಚಿತ ಅಕ್ಕಿಯನ್ನು ಕೊಟ್ಟಿತು. 17 ಬಗೆಯ ದಿನಸಿ ವಸ್ತುಗಳ ಕಿಟ್ಟನ್ನೂ ಹಂಚಿತು. ಕಡಲೆ, ಹೆಸರು, ರವೆ, ಎಣ್ಣೆ, ಸಾಸಿವೆ, ಮೆಣಸಿನ ಹುಡಿ ಎಲ್ಲವೂ ಅದರಲ್ಲಿದ್ದವು. ಒಂದು ಎಲೆ ಸೊಪ್ಪು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದೇ ವಾರಗಳಲ್ಲಿ ಕರ್ನಾಟಕದ ಹಲವೆಡೆ ರೈತರು ಕೊಳ್ಳುವವರಿಲ್ಲದೆ ಕೋಸು, ಟೊಮೇಟೊಗಳನ್ನು ಹೊಲದಲ್ಲಿಯೇ ಉತ್ತುಬಿಟ್ಟರು. ಇಲ್ಲಿಯ ಬರಿದಾದ ಬುಟ್ಟಿಗೂ ಅಲ್ಲಿಯ ಕೊಳೆತ ರಾಶಿಗೂ ಕಾರಣ ಒಂದೇ ಎಂಬುದನ್ನು ಗಮನಿಸಬೇಕು. ಬೆಳೆಗೆ ಕೊರತೆಯಿರಲಿಲ್ಲ, ತಿನ್ನುವ ಬಾಯಿಗೂ ಕೊರತೆಯಿರಲಿಲ್ಲ. ನಡುವಿನ ದಾರಿ ಕಡಿದಿತ್ತು. ದಾರಿ ಕಡಿಯಲು ಮಹಾಮಾರಿಯೇ ಬರಬೇಕೆಂದಿಲ್ಲ. 2018ರ ಆಗಸ್ಟಿನ ಮಳೆಗೆ ಶಿರಾಡಿ ಘಾಟಿಯಲ್ಲಿಯೂ ಮಡಿಕೇರಿ-ಸಂಪಾಜೆ ಮಾರ್ಗದಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತುದನ್ನು ಮರೆಯುವಂತಿಲ್ಲ.

ಬರಿದಾದ ಕಪಾಟು, ಬರಿದಾದ ಚೀಲ

ಇದು ಬಡ ದೇಶಗಳಿಗೆ ಮಾತ್ರ ಬರುವ ಕಷ್ಟವೆಂದು ಭಾವಿಸುವುದು ಸರಿಯಲ್ಲ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ಸೂಪರ್ ಮಾರ್ಕೆಟುಗಳಲ್ಲಿ ಟೊಮೇಟೊ, ಸೌತೆ, ದೊಣ್ಣೆಮೆಣಸುಗಳ ಕಪಾಟುಗಳು ಬರಿದಾದವು. ಆಸ್ಡಾ, ಟೆಸ್ಕೊ ಮೊದಲಾದ ಅಂಗಡಿಗಳು ಒಬ್ಬ ಗಿರಾಕಿಗೆ ಒಂದು ಬಗೆಯಲ್ಲಿ ಮೂರಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದು ನಿಯಮ ಮಾಡಿದವು. ಚಳಿಗಾಲದಲ್ಲಿ ಆ ದೇಶ ಈ ತರಕಾರಿಗಳಿಗಾಗಿ ಸ್ಪೇನ್ ಮತ್ತು ಮೊರಾಕೊಗಳನ್ನು ನಂಬಿದೆ. ಆ ವರ್ಷ ಅಲ್ಲಿ ಚಳಿ ಅತಿಯಾಗಿ ಫಸಲು ಕೆಟ್ಟಿತು. ಇಂಧನದ ಬೆಲೆಯೇರಿಕೆಯಿಂದಾಗಿ ಇಂಗ್ಲೆಂಡಿನ ಮತ್ತು ಹಾಲೆಂಡಿನ ಗಾಜಿನ ಮನೆಗಳಲ್ಲಿ ಬೆಳೆಯುವವರು ನಾಟಿಯನ್ನೇ ಕಡಿಮೆ ಮಾಡಿದ್ದರು. ಹಣವಿತ್ತು, ರಸ್ತೆಯಿತ್ತು, ಶೀತಲ ಲಾರಿಗಳಿದ್ದವು, ಟೊಮೇಟೊ ಇರಲಿಲ್ಲ.

ಅದೇ ವರ್ಷದ ಬೇಸಿಗೆಯ ಕೊನೆಯಲ್ಲಿ ನಮ್ಮ ದೇಶದಲ್ಲಿ ಟೊಮೇಟೊದ ಬೆಲೆ ಕುಸಿದು, ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಅದನ್ನು ಬೀದಿಗೆ ಸುರಿದಿದ್ದರು. ನಷ್ಟಕ್ಕೆ ಅಂಜಿ ಹಲವರು ಮುಂದಿನ ನಾಟಿಯನ್ನು ಕೈಬಿಟ್ಟರು. ಮೇಲಿಂದ ಅಕಾಲದ ಮಳೆ ಮತ್ತು ರೋಗ. ಜುಲೈ ತಿಂಗಳಿಗೆ ಕಿಲೋ ಒಂದರ ಬೆಲೆ ನೂರು ರೂಪಾಯಿಯನ್ನು ದಾಟಿತು. ಕೇಂದ್ರ ಸರಕಾರವು ಸಹಕಾರಿ ಸಂಸ್ಥೆಗಳ ಮೂಲಕ ಕೊಂಡು ದಿಲ್ಲಿ ಮೊದಲಾದ ನಗರಗಳಲ್ಲಿ ಮೊದಲಿಗೆ 90 ರೂಪಾಯಿಗೆ, ಬಳಿಕ ಇನ್ನೂ ಕಡಿಮೆಗೆ ಮಾರಿಸಬೇಕಾಯಿತು.

ಈ ಎರಡು ಪ್ರಸಂಗಗಳನ್ನು ಹೋಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ದೊಡ್ಡ ಅಂಗಡಿಗಳು ಬೆಳೆಗಾರರೊಡನೆ ಮುಂಚಿತವಾಗಿಯೇ ದರವನ್ನು ಗೊತ್ತುಮಾಡಿಕೊಳ್ಳುವುದರಿಂದ ಅಲ್ಲಿ ಬೆಲೆ ಒಮ್ಮೆಗೇ ಏರುವುದಿಲ್ಲ. ಕೊರತೆಯು ಬರಿದಾದ ಕಪಾಟಾಗಿ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ದಿನದಿನವೂ ಹರಾಜಾಗುವುದರಿಂದ ಬೆಲೆಯೇ ಜಿಗಿಯುತ್ತದೆ. ಅಂಗಡಿಯ ಬುಟ್ಟಿ ತುಂಬಿರುತ್ತದೆ. ಬಡವನ ಚೀಲ ಬರಿದಾಗಿರುತ್ತದೆ. ಬರಿದಾದ ಕಪಾಟಿನ ಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಬರಿದಾದ ಚೀಲದ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ಮನುಷ್ಯನಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಲೆಯೇರಿದಾಗ ಕೂಲಿಯವನ ಮನೆಯಲ್ಲಿ ಮೊದಲು ತಪ್ಪುವುದು ಅದೇ. ಅನ್ನ ಉಂಟು, ಉಪ್ಪಿನಕಾಯಿ ಉಂಟು ಎಂದು ಊಟ ಮುಗಿಯುತ್ತದೆ. ಇದೇ ನಿತ್ಯದ ಅಭಾವ. ಇದಕ್ಕೆ ಗಡಿ ಮುಚ್ಚಬೇಕಾಗಿಲ್ಲ.

ನಮ್ಮ ಅಟ್ಟದ ಉಗ್ರಾಣ

ಹಾಗಾದರೆ ರಸ್ತೆಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಮಳೆಗಾಲದ ನಾಲ್ಕು ತಿಂಗಳನ್ನು ಹೇಗೆ ಕಳೆದರು? ಭತ್ತದ ಕೊಯ್ಲಾದ ಗದ್ದೆಯಲ್ಲಿ, ಕೆರೆಯ ಅಥವಾ ಸುರಂಗದ ನೀರಿನಿಂದ, ಬೇಸಿಗೆಯಲ್ಲಿ ಸೌತೆ, ಕುಂಬಳ, ಅಲಸಂಡೆ, ಬೆಂಡೆ, ಹರಿವೆಗಳನ್ನು ಬೆಳೆಯುತ್ತಿದ್ದರು. ಬಲಿತ ಸೌತೆ, ಕುಂಬಳಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ ಮಾಡಿನ ಅಡಿಯಲ್ಲಿ ತೂಗಹಾಕಿದರೆ ಅವು ಆಟಿ ತಿಂಗಳವರೆಗೂ ಕೆಡುತ್ತಿರಲಿಲ್ಲ. ಹಲಸಿನ ಸೊಳೆ ಉಪ್ಪಿನಲ್ಲಿ, ಮಾವಿನಕಾಯಿ ಭರಣಿಯಲ್ಲಿ, ಹಲಸಿನ ಬೀಜ ಬೆಂದು ಒಣಗಿ ಸಾಂತಾಣಿಯಾಗಿ, ಮಾವಿನ ರಸ ಚಾಪೆಯ ಮೇಲೆ ಮಾಂಬಳವಾಗಿ ಉಳಿಯುತ್ತಿತ್ತು. ಮಳೆ ಹಿಡಿದ ಮೇಲೆ ಕೆಸು, ತಗತೆ, ಕಣಿಲೆಗಳು ತಾವಾಗಿಯೇ ಬರುತ್ತಿದ್ದವು. ಆ ಕಾಲದಲ್ಲಿ ಹಸಿವು ಇರಲಿಲ್ಲವೆಂದು ನಾನು ಹೇಳಲಾರೆ. ಗೇಣಿಯ ಗದ್ದೆಯವರ, ಗದ್ದೆಯೇ ಇಲ್ಲದವರ ಅಟ್ಟ ಬರಿದಾಗಿಯೇ ಇರುತ್ತಿತ್ತು. ಆದರೆ ತಾಜಾ ಪದಾರ್ಥವನ್ನು ಕಾಪಿಡುವ ವಿದ್ಯೆಯೊಂದು ಆ ಮನೆಗಳಲ್ಲಿತ್ತು.

ನಮ್ಮ ಶಾಲೆಯ ಐವತ್ತು ವರ್ಷಗಳು ಆ ಗದ್ದೆ ಕರಗಿದ ಐವತ್ತು ವರ್ಷಗಳೂ ಹೌದು. 1974-75ರಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರುಗಳಷ್ಟಿದ್ದ ಭತ್ತದ ಕೃಷಿ ಇಂದು 2 ಲಕ್ಷ ಹೆಕ್ಟೇರುಗಳ ಆಸುಪಾಸಿಗೆ ಇಳಿದಿದೆ. ಗದ್ದೆ ಅಡಿಕೆಯ ತೋಟವಾಯಿತು, ಮನೆಯ ನಿವೇಶನವಾಯಿತು. 2008ರಲ್ಲಿ ಭತ್ತದ ಗದ್ದೆಗಳನ್ನು ಉಳಿಸುವ ಕಾಯಿದೆ ಬರುವ ಹೊತ್ತಿಗೆ ಬಹಳಷ್ಟು ಹೋಗಿತ್ತು. ಗದ್ದೆಯೊಂದಿಗೆ ಬೇಸಿಗೆಯ ತರಕಾರಿಯೂ ಹೋಯಿತು. ಸಾಂತಾಣಿ ಎಂದರೇನೆಂದು ತರಗತಿಯಲ್ಲಿ ಕೇಳಿದಾಗ ಕೊನೆಕೊನೆಗೆ ಒಂದೆರಡು ಕೈಗಳು ಮಾತ್ರ ಮೇಲೇಳುತ್ತಿದ್ದವು. ಪದಾರ್ಥ ಮರೆಯಾದಾಗ ಅದರ ಕನ್ನಡ ಶಬ್ದವೂ ಮರೆಯಾಗುತ್ತದೆ. ಭಾಷೆಯನ್ನು ಉಳಿಸಲೆಂದೇ ಹುಟ್ಟಿದ ಶಾಲೆಗೆ ಇದು ಚಿಂತೆಯ ವಿಷಯವಲ್ಲವೇ?

2020ರ ಆ ದಿನಗಳಲ್ಲಿ ನಮ್ಮಲ್ಲಿ ಅನೇಕ ಮನೆಗಳ ಕೈಹಿಡಿದದ್ದು ಹಿತ್ತಿಲಿನ ಗುಜ್ಜೆ, ಬಾಳೆದಿಂಡು ಮತ್ತು ನುಗ್ಗೆಯ ಸೊಪ್ಪು. ಕೇರಳವು 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿದುದಕ್ಕೆ ಆಗ ನಿಜವಾದ ಅರ್ಥ ಬಂದಿತು.

ಹೊರಗಿನ ತರಕಾರಿಯನ್ನು ತೊರೆಯಬೇಕೆಂಬುದು ನನ್ನ ವಾದವಲ್ಲ. ಘಟ್ಟದ ಮೇಲಿನ ರೈತನ ಬದುಕೂ ನಮ್ಮ ಚೀಲವನ್ನು ನಂಬಿದೆ. ಆದರೆ ಒಂದೇ ದಾರಿಯ ಮೇಲೆ ಪೂರ್ಣ ಭಾರ ಹಾಕಬಾರದು. ದಿನದ ಪಲ್ಯದಲ್ಲಿ ಮೂರನೆಯ ಒಂದು ಪಾಲಾದರೂ ಊರಿನ ಮಣ್ಣಿನಿಂದ ಬಂದರೆ, ದಾರಿ ಕಡಿದಾಗಲೂ ಬೆಲೆ ಏರಿದಾಗಲೂ ಊಟ ಬಣ್ಣಗೆಡುವುದಿಲ್ಲ. ಶಾಲೆಯ ಹಿಂದಿನ ತುಂಡು ಭೂಮಿಯಲ್ಲಿ ಹರಿವೆ, ಬಸಳೆ, ಅಲಸಂಡೆಗಳ ತೋಟವೊಂದನ್ನು ಎಬ್ಬಿಸಿ, ಅದರ ಫಲವನ್ನು ಮಧ್ಯಾಹ್ನದ ಊಟಕ್ಕೆ ಸಲ್ಲಿಸುವ ಹೊಣೆಯನ್ನು ಹಳೆ ವಿದ್ಯಾರ್ಥಿಗಳು ಈ ಸುವರ್ಣ ವರ್ಷದಲ್ಲಿ ವಹಿಸಿಕೊಳ್ಳಬೇಕೆಂದು ನನ್ನ ವಿನಂತಿ. ಊರಿನ ಹಿರಿಯರು ಬೀಜವನ್ನೂ, ಅದರ ಹೆಸರನ್ನೂ, ಕಾಪಿಡುವ ಕ್ರಮವನ್ನೂ ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಲಿ. ಅಕ್ಕಿಯ ಉಗ್ರಾಣವನ್ನು ಸರಕಾರ ನೋಡಿಕೊಳ್ಳುತ್ತದೆ. ಸೊಪ್ಪು ತರಕಾರಿಗಳ ಉಗ್ರಾಣವನ್ನು ಊರವರೇ ಕಟ್ಟಿಕೊಳ್ಳಬೇಕಾಗಿದೆ.